ಆಕಾಶಕ್ಕೂ ಪರ್ಮಿಟ್ ಇದೆ, ಆ ಪಟ್ಟಿಯಲ್ಲಿ ಮಂಗಳೂರಿಲ್ಲ

ಶಾಲೆಗೆ ರಜೆ ಸಿಕ್ಕಿತು ಅಂದರೆ, ಹಬ್ಬ ಹತ್ತಿರ ಬಂತು ಅಂದರೆ, ಕರಾವಳಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ‘ಗಲ್ಫ್ ಟಿಕೆಟ್ ರೇಟು ನೋಡಿದಿರಾ?’ ಕೆಳಗೆ ಒಂದಷ್ಟು ಸಿಟ್ಟಿನ ಎಮೋಜಿ. ಒಬ್ಬರು ವಿಮಾನ ಕಂಪನಿಗೆ ಬೈಯುತ್ತಾರೆ, ಇನ್ನೊಬ್ಬರು ಏರ್‌ಪೋರ್ಟಿನವರಿಗೆ, ಮತ್ತೊಬ್ಬರು ಸಂಸದರಿಗೆ. ಎರಡು ದಿನಕ್ಕೆ ಮಾತು ತಣ್ಣಗಾಗುತ್ತದೆ. ಮುಂದಿನ ರಜೆಗೆ ಮತ್ತೆ ಶುರು.

ಬೈಯುವುದರಲ್ಲಿ ತಪ್ಪಿಲ್ಲ. ನಮ್ಮ ತಕರಾರು ಏನೆಂದರೆ, ಬೈಗುಳ ಸರಿಯಾದ ವಿಳಾಸಕ್ಕೆ ಹೋಗುತ್ತಿಲ್ಲ. ಬಜ್ಪೆಯಿಂದ ದುಬೈಗೋ ದಮ್ಮಾಮಿಗೋ ಹೋಗುವ ಟಿಕೆಟ್ ದುಬಾರಿಯಾಗಲು ಇರುವ ಕಾರಣಗಳಲ್ಲಿ ಒಂದು ದೊಡ್ಡ ಕಾರಣ ದೆಹಲಿಯ ಕಡತದಲ್ಲಿದೆ. ದೇಶ ದೇಶಗಳ ನಡುವಿನ ವಿಮಾನ ಒಪ್ಪಂದ ಅಂದರೆ ಅದು ದೊಡ್ಡವರ ವಿಷಯ ಎಂದು ಪಕ್ಕಕ್ಕೆ ಇಡುವವರೇ ಹೆಚ್ಚು. ಆದರೆ ಅದರ ಬಿಲ್ಲು ಬರುವುದು ಸುಳ್ಯದ, ಭಟ್ಕಳದ, ಕುಂದಾಪುರದ ಮನೆಗಳಿಗೆ.

ಹಾಗಾಗಿ ಈ ಸಲ ಆ ಕಡತವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಬಸ್ಸಿನ ಪರ್ಮಿಟ್ ಗೊತ್ತಿದ್ದರೆ ಇದೂ ಗೊತ್ತಾಗುತ್ತದೆ

ಮಂಗಳೂರು–ಕಾಸರಗೋಡು ದಾರಿಯಲ್ಲಿ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸೂ ಓಡುತ್ತದೆ, ಕೇರಳದ ಬಸ್ಸೂ ಓಡುತ್ತದೆ. ಯಾರು ಬೇಕಾದರೂ ಎಷ್ಟು ಬೇಕಾದರೂ ಬಸ್ ಬಿಡುವ ಹಾಗಿಲ್ಲ. ಎರಡು ರಾಜ್ಯಗಳು ಕೂತು, ನೀವು ಇಷ್ಟು ನಾವು ಇಷ್ಟು, ಈ ದಾರಿಯಲ್ಲಿ ಮಾತ್ರ ಎಂದು ಒಪ್ಪಂದ ಮಾಡಿಕೊಂಡಿವೆ.

ವಿಮಾನದ ಕಥೆಯೂ ಇದೇ. ಎರಡನೇ ಮಹಾಯುದ್ಧ ಇನ್ನೂ ಮುಗಿಯದಿದ್ದಾಗ, 1944ರ ಡಿಸೆಂಬರ್ 7ರಂದು, ಅಮೆರಿಕದ ಶಿಕಾಗೊದಲ್ಲಿ 52 ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಆಗ ಇನ್ನೂ ಸ್ವಾತಂತ್ರ್ಯ ಬಾರದ ಭಾರತದ ಪ್ರತಿನಿಧಿಗಳೂ ಅಲ್ಲಿದ್ದರು. ಆ ಒಪ್ಪಂದದ ಮೊದಲನೇ ವಿಧಿಯೇ ಇದು: ಒಂದು ದೇಶದ ಮೇಲಿರುವ ಆಕಾಶಕ್ಕೆ ಆ ದೇಶವೇ ಪೂರ್ತಿ ಯಜಮಾನ. ವೇಳಾಪಟ್ಟಿ ಹಾಕಿಕೊಂಡು ಹಾರುವ ಯಾವ ವಿದೇಶಿ ವಿಮಾನವೂ ಆ ದೇಶದ ಅನುಮತಿ ಇಲ್ಲದೆ ಒಳಗೆ ಬರುವಂತಿಲ್ಲ.

ಅಲ್ಲಿಂದ ಶುರುವಾಯಿತು ಈ ಲೆಕ್ಕ. ಪ್ರತಿ ಎರಡು ದೇಶಗಳೂ ಎದುರುಬದುರು ಕೂತು ಮಾತಾಡಬೇಕು. ನಿನ್ನ ವಿಮಾನ ನನ್ನ ಯಾವ ಊರಿಗೆ ಬರಬಹುದು, ವಾರಕ್ಕೆ ಎಷ್ಟು ಸೀಟು, ನನ್ನದು ನಿನ್ನಲ್ಲಿಗೆ ಎಷ್ಟು. ಭಾರತ ಇಂಥ ಒಪ್ಪಂದವನ್ನು ನೂರಕ್ಕೂ ಹೆಚ್ಚು ದೇಶಗಳ ಜೊತೆ ಮಾಡಿಕೊಂಡಿದೆ.

ಎಲ್ಲರ ಜೊತೆಗೂ ಒಂದೇ ತೂಕ ಇಲ್ಲ. ಅಮೆರಿಕದ ಜೊತೆ 2005ರಲ್ಲೇ ‘ಓಪನ್ ಸ್ಕೈ’ ಒಪ್ಪಂದ ಆಯಿತು. ಅಂದರೆ ಸೀಟಿನ ಲೆಕ್ಕವೇ ಇಲ್ಲ, ಎಷ್ಟು ಬೇಕಾದರೂ ಹಾರಬಹುದು. 2016ರ ರಾಷ್ಟ್ರೀಯ ವಿಮಾನಯಾನ ನೀತಿ, ದೆಹಲಿಯಿಂದ 5,000 ಕಿ.ಮೀ. ಆಚೆ ಇರುವ ದೇಶಗಳಿಗೂ ಸಾರ್ಕ್ ದೇಶಗಳಿಗೂ, ಅವರೂ ಅಷ್ಟೇ ತೆರೆದರೆ, ಇದೇ ಬಾಗಿಲು ತೆರೆಯಬಹುದು ಎಂದಿತು. ಗಲ್ಫ್ ಇರುವುದು ಈ 5,000 ಕಿ.ಮೀ. ಒಳಗೆ. ಹಾಗಾಗಿ ಅಲ್ಲಿಗೆ ಸೀಟು ಎಣಿಸಿ ಕೊಡುವ ಪದ್ಧತಿ ಹಾಗೇ ಉಳಿದಿದೆ.

ಸೀಟಿನ ಲೆಕ್ಕ

ದುಬೈ ಒಂದರದ್ದೇ ಲೆಕ್ಕ ತೆಗೆದುಕೊಳ್ಳಿ. ಯುಎಇ ಒಂದೇ ದೇಶವಾದರೂ ದುಬೈ, ಅಬುಧಾಬಿ, ಶಾರ್ಜಾ ಎಲ್ಲಕ್ಕೂ ಬೇರೆ ಬೇರೆ ಸೀಟಿನ ಲೆಕ್ಕವಿದೆ. ದುಬೈಗೆ ವಾರಕ್ಕೆ ಸುಮಾರು 66,000 ಸೀಟು ಅವರ ಕಂಪನಿಗಳಿಗೆ, ಅಷ್ಟೇ ನಮ್ಮ ಕಂಪನಿಗಳಿಗೆ. 180 ಸೀಟಿನ ವಿಮಾನದ ಲೆಕ್ಕದಲ್ಲಿ ಒಂದೊಂದು ಕಡೆಯವರಿಗೆ ವಾರಕ್ಕೆ 360ಕ್ಕೂ ಹೆಚ್ಚು ಹಾರಾಟ, ದಿನಕ್ಕೆ 50ರ ಆಸುಪಾಸು. ಕೇಳಲು ದೊಡ್ಡ ಸಂಖ್ಯೆ. ಆದರೆ ಇದು ಇಡೀ ಭಾರತಕ್ಕೆ. ಮುಂಬೈ, ದೆಹಲಿ, ಕೊಚ್ಚಿ, ಹೈದರಾಬಾದ್, ಬೆಂಗಳೂರು ಎಲ್ಲ ಇದರಲ್ಲೇ ಬಂತು. ಈ ಲೆಕ್ಕ ಕೊನೆಯ ಬಾರಿ ದೊಡ್ಡದಾಗಿ ಏರಿದ್ದು 2014ರಲ್ಲಿ. ಅಲ್ಲಿಂದೀಚೆಗೆ ನಮ್ಮೂರುಗಳಿಂದ ಅಲ್ಲಿಗೆ ಎಷ್ಟು ಹುಡುಗರು ಹೋದರು ಎಂಬುದನ್ನು ನಿಮಗೆ ನಾವು ಹೇಳಬೇಕಾಗಿಲ್ಲ.

ಸೀಟು ಹೆಚ್ಚು ಮಾಡಿ ಎಂದು ಅವರು ಕೇಳುತ್ತಲೇ ಇದ್ದಾರೆ. ಸದ್ಯಕ್ಕಿಲ್ಲ ಎಂದು ನಮ್ಮ ಸರ್ಕಾರ 2023ರಲ್ಲಿ ಬಹಿರಂಗವಾಗಿಯೇ ಹೇಳಿತು.

ಆದರೆ ಮನಸ್ಸು ಮಾಡಿದರೆ ಆಗುತ್ತದೆ ಎನ್ನಲು ಕುವೈತ್ ಸಾಕ್ಷಿ. 2025ರ ಜುಲೈಯಲ್ಲಿ ಕುವೈತ್ ಜೊತೆಗಿನ ಲೆಕ್ಕವನ್ನು ವಾರಕ್ಕೆ 12,000 ಸೀಟಿನಿಂದ 18,000ಕ್ಕೆ ಏರಿಸಲಾಯಿತು. ಒಳ್ಳೆಯದೇ. ಆದರೆ ಅದರಿಂದ ಮಂಗಳೂರಿಗೆ ಎಷ್ಟು ಬರುತ್ತದೆ ಎಂದು ಯಾರೂ ಹೇಳಲಾರರು. ಏಕೆ ಎನ್ನುವುದು ಮುಂದಿದೆ.

ಇಳಿಯಬಹುದಾದ ಊರುಗಳ ಪಟ್ಟಿ

ಸೀಟಿನ ಲೆಕ್ಕದ ಜೊತೆಗೆ ಇನ್ನೊಂದು ಪಟ್ಟಿ ಇರುತ್ತದೆ. ಅದಕ್ಕೆ ‘ಪಾಯಿಂಟ್ ಆಫ್ ಕಾಲ್’ ಎನ್ನುತ್ತಾರೆ. ಸರಳವಾಗಿ ಹೇಳುವುದಾದರೆ, ವಿದೇಶಿ ಕಂಪನಿಯ ವಿಮಾನ ನಮ್ಮ ದೇಶದ ಯಾವ ಯಾವ ಊರಿಗೆ ಬಂದು ಇಳಿಯಬಹುದು ಎಂಬ ಪಟ್ಟಿ. ಪಟ್ಟಿಯಲ್ಲಿ ಹೆಸರಿಲ್ಲದ ಊರಿಗೆ ಅವರು ವೇಳಾಪಟ್ಟಿ ಹಾಕಿಕೊಂಡು ಬರುವಂತಿಲ್ಲ. ಭಾರತದ ಕಂಪನಿಗಳಿಗೆ ಈ ಕಟ್ಟು ಇಲ್ಲ. ಅವು ದೇಶದ ಯಾವ ಅಂತರರಾಷ್ಟ್ರೀಯ ನಿಲ್ದಾಣದಿಂದ ಬೇಕಾದರೂ ಹಾರಬಹುದು.

ಗಲ್ಫ್‌ನ ಕಂಪನಿಗಳ ಪಟ್ಟಿಗಳಲ್ಲಿ ಬೆಂಗಳೂರು ಇದೆ, ಕೊಚ್ಚಿ ಇದೆ, ಕೋಯಿಕ್ಕೋಡ್ ಇದೆ. ಮಂಗಳೂರಿಲ್ಲ. 2018ರ ಡಿಸೆಂಬರ್‌ನಲ್ಲಿ ತೆರೆದ ಕಣ್ಣೂರಿಗೂ ಸಿಕ್ಕಿಲ್ಲ. ಮೆಟ್ರೊ ಅಲ್ಲದ ಹೊಸ ಊರುಗಳನ್ನು ಸದ್ಯಕ್ಕೆ ಈ ಪಟ್ಟಿಗೆ ಸೇರಿಸುವುದಿಲ್ಲ ಎನ್ನುವುದು ಸರ್ಕಾರ ಸಂಸತ್ತಿನಲ್ಲಿ ಕೊಡುತ್ತ ಬಂದಿರುವ ಉತ್ತರ.

ಆಗ್ನೇಯ ಏಷ್ಯಾದ ದೇಶಗಳಿಗೆ ಕೈ ಸ್ವಲ್ಪ ಸಡಿಲ. ಅವರ ಕಂಪನಿಗಳಿಗೆ 18 ಪ್ರವಾಸಿ ಊರುಗಳನ್ನು ಲೆಕ್ಕವಿಲ್ಲದೆ ತೆರೆದಿಡಲಾಗಿದೆ. ಅದರಲ್ಲಿ ಗಯಾ ಇದೆ, ಖಜುರಾಹೊ ಇದೆ, ತಿರುಚಿರಾಪಳ್ಳಿ ಇದೆ. ಕರ್ನಾಟಕದ ಒಂದು ಊರೂ ಇಲ್ಲ.

ಈಗ ಮಂಗಳೂರಿನ ಸ್ಥಿತಿ ನೋಡಿ. 2006ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ದುಬೈ ವಿಮಾನದೊಂದಿಗೆ ಇಲ್ಲಿಂದ ಗಲ್ಫ್ ಹಾರಾಟ ಶುರುವಾಯಿತು. ಇಷ್ಟು ವರ್ಷಗಳಾದ ಮೇಲೂ ಇಲ್ಲಿಂದ ಗಲ್ಫ್‌ಗೆ ಹಾರುವುದು ನಮ್ಮ ದೇಶದ ಕಂಪನಿಗಳು ಮಾತ್ರ. ಈಗ ಬಹುಮಟ್ಟಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮತ್ತು ಇಂಡಿಗೊ. ಕುವೈತಿಗೆ ಸೀಟು ಏರಿದಾಗ ಅವರ ಪಾಲಿನ ಸೀಟು ಬಜ್ಪೆಗೆ ಬರುವ ಹಾಗಿಲ್ಲ, ಏಕೆಂದರೆ ಪಟ್ಟಿಯಲ್ಲಿ ಹೆಸರಿಲ್ಲ. ನಮ್ಮ ಪಾಲಿನ ಸೀಟನ್ನು ಕಂಪನಿ ತನಗೆ ಲಾಭ ಇರುವ ಊರಿನಿಂದ ಹಾರಿಸುತ್ತದೆ. ಬಜ್ಪೆಗೆ ಕೊಡಲೇಬೇಕು ಎಂದು ಯಾರೂ ಹೇಳುವಂತಿಲ್ಲ.

ಒಂದೂರಿನ ಬಸ್ ರೂಟಿನಲ್ಲಿ ಎರಡೇ ಮಾಲಕರು ಇದ್ದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಬಸ್ಸಿಗಾದರೆ ಸರ್ಕಾರ ದರ ಕಟ್ಟುತ್ತದೆ. ವಿಮಾನಕ್ಕೆ ಅದೂ ಇಲ್ಲ. 1994ರಲ್ಲಿ ಹಳೆಯ ಏರ್ ಕಾರ್ಪೊರೇಷನ್ ಕಾಯ್ದೆ ರದ್ದಾದ ಮೇಲೆ ದರ ಇಡುವುದು ಕಂಪನಿಗಳ ಇಷ್ಟ. ಟಿಕೆಟ್ ದರ ನಾವು ನಿಗದಿ ಮಾಡುವುದಿಲ್ಲ, ಮಾರುಕಟ್ಟೆ ಮಾಡುತ್ತದೆ ಎಂದು ಸರ್ಕಾರ ಹೇಳುತ್ತದೆ.

ನಮ್ಮ ಆಕ್ಷೇಪ ಇರುವುದು ಇಲ್ಲೇ. ಮಾರುಕಟ್ಟೆ ದರ ಕಟ್ಟಲಿ ಎನ್ನುವುದಾದರೆ ಮಾರುಕಟ್ಟೆಗೆ ಇನ್ನೊಬ್ಬ ವ್ಯಾಪಾರಿಯನ್ನು ಬಿಡಬೇಕು. ಬಿಡುವುದಿಲ್ಲ ಎನ್ನುವುದಾದರೆ ದರಕ್ಕೆ ಒಂದು ಮಿತಿ ಹಾಕಬೇಕು. ಎರಡೂ ಮಾಡುವುದಿಲ್ಲ ಎಂದರೆ ಪ್ರಯಾಣಿಕನನ್ನು ಕಾಯುವವರು ಯಾರು?

ದೆಹಲಿ ಹೇಳುವುದರಲ್ಲೂ ನ್ಯಾಯವಿದೆ

ಸರ್ಕಾರದ ವಾದವನ್ನು ತಳ್ಳಿಹಾಕುವ ಹಾಗಿಲ್ಲ. ಅದನ್ನೂ ಕೇಳಿ.

ಗಲ್ಫ್‌ನ ದೊಡ್ಡ ಕಂಪನಿಗಳು ನಮ್ಮವರನ್ನು ದುಬೈಗೆ ಮಾತ್ರ ಒಯ್ಯುವುದಿಲ್ಲ. ಬೆಂಗಳೂರಿನಲ್ಲಿ ಹತ್ತಿಸಿಕೊಂಡು, ದುಬೈಯಲ್ಲಿ ವಿಮಾನ ಬದಲಿಸಿ, ಲಂಡನ್ನಿಗೂ ನ್ಯೂಯಾರ್ಕಿಗೂ ಕಳಿಸುತ್ತವೆ. ದುಬೈ ಹೆಸರಿನಲ್ಲಿ ಪಡೆದ ಸೀಟು, ವ್ಯಾಪಾರ ಮಾತ್ರ ಜಗತ್ತಿನದು. ಇದರಿಂದ ನಮ್ಮ ಕಂಪನಿಗಳು ಬೆಳೆಯಲಿಲ್ಲ ಎಂಬ ದೂರು ಹಳೆಯದು. ಏರ್ ಇಂಡಿಯಾ ಬಗ್ಗೆ 2011ರಲ್ಲಿ ಬಂದ ಸಿಎಜಿ ವರದಿಯೂ ಗಲ್ಫ್ ಕಂಪನಿಗಳಿಗೆ ಸೀಟನ್ನು ಧಾರಾಳವಾಗಿ ಕೊಟ್ಟದ್ದನ್ನು ಟೀಕಿಸಿತ್ತು.

2013ರದ್ದು ಇನ್ನೊಂದು ಪಾಠ. ಆ ವರ್ಷ ಏಪ್ರಿಲ್ 24ರಂದು ಅಬುಧಾಬಿಯ ಎತಿಹಾದ್, ನಮ್ಮ ಜೆಟ್ ಏರ್‌ವೇಸ್‌ನ ಶೇ. 24 ಪಾಲನ್ನು 2,058 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಅದೇ ದಿನ ಅಬುಧಾಬಿಯ ಸೀಟಿನ ಲೆಕ್ಕವನ್ನು ವಾರಕ್ಕೆ ಸುಮಾರು 13,000ದಿಂದ ಹಂತ ಹಂತವಾಗಿ ಸುಮಾರು 50,000ಕ್ಕೆ ಏರಿಸುವ ಒಪ್ಪಂದವೂ ಆಯಿತು. ಪಾಲು ಮಾರುವುದಕ್ಕೂ ಆಕಾಶ ಕೊಡುವುದಕ್ಕೂ ನಂಟೇನು ಎಂದು ಆಗ ದೊಡ್ಡ ಗದ್ದಲವಾಯಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಬಾಗಿಲು ಮುಚ್ಚಿತು. ಏರಿಸಿಕೊಟ್ಟ ಸೀಟು ಮಾತ್ರ ಅವರ ಕೈಯಲ್ಲಿ ಉಳಿಯಿತು.

ಇನ್ನು ಪಾಕಿಸ್ತಾನದ ಆಕಾಶದ ವಿಷಯ. 2019ರ ಫೆಬ್ರವರಿಯಿಂದ ಜುಲೈ ತನಕ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದಾಗ ನಮ್ಮ ನಾಲ್ಕು ಕಂಪನಿಗಳಿಗೆ ಒಟ್ಟು ಸುಮಾರು 548 ಕೋಟಿ ರೂಪಾಯಿ ನಷ್ಟವಾಯಿತು ಎಂದು ಸರ್ಕಾರ ರಾಜ್ಯಸಭೆಗೆ ಹೇಳಿತು. ಅದರಲ್ಲಿ 491 ಕೋಟಿ ಏರ್ ಇಂಡಿಯಾ ಒಂದರದ್ದೇ. 2025ರ ಏಪ್ರಿಲ್ 24ರಿಂದ ಮತ್ತೆ ಮುಚ್ಚಿದರು. ಈ ಸಲ ಭಾರತದ ವಿಮಾನಗಳಿಗೆ ಮಾತ್ರ. ದೆಹಲಿಯಿಂದ ಯುರೋಪಿಗೆ ಹೋಗುವ ನಮ್ಮ ವಿಮಾನ ಸುತ್ತು ಹಾಕಿ ಹೆಚ್ಚು ಇಂಧನ ಸುಡಬೇಕು. ಇಂಡಿಗೊ ತನ್ನ ಅಲ್ಮಾಟಿ, ತಾಷ್ಕೆಂಟ್ ಹಾರಾಟಗಳನ್ನೇ ನಿಲ್ಲಿಸಬೇಕಾಯಿತು. ಅದೇ ಹೊತ್ತಿಗೆ ಬೇರೆ ದೇಶದ ಕಂಪನಿಯ ವಿಮಾನ ನೇರ ದಾರಿಯಲ್ಲಿ ಹೋಗುತ್ತದೆ. ಒಂದೇ ಪ್ರಯಾಣಿಕನಿಗಾಗಿ ಸ್ಪರ್ಧೆ, ಒಬ್ಬನಿಗೆ ಹತ್ತಿರದ ದಾರಿ, ಇನ್ನೊಬ್ಬನಿಗೆ ದೂರದ ದಾರಿ. ಇದು ಅನ್ಯಾಯವೇ.

ಏರ್ ಇಂಡಿಯಾ 2023ರಲ್ಲಿ 470 ವಿಮಾನಗಳಿಗೆ, ಇಂಡಿಗೊ ಅದೇ ವರ್ಷ 500 ವಿಮಾನಗಳಿಗೆ ಆರ್ಡರ್ ಕೊಟ್ಟಿವೆ. ಅವು ಬಂದು ನಮ್ಮವರು ಗಟ್ಟಿಯಾಗುವ ತನಕ ಬಾಗಿಲು ಸ್ವಲ್ಪ ಹಿಡಿದಿರೋಣ ಎನ್ನುವುದು ದೆಹಲಿಯ ವಾದ. ಮುಂಬೈ, ದೆಹಲಿ, ಬೆಂಗಳೂರಿನ ಮಟ್ಟಿಗೆ ಈ ವಾದ ನಮಗೂ ಒಪ್ಪಿಗೆ.

ಮಂಗಳೂರಿಗೆ ಈ ವಾದ ಒಪ್ಪುವುದಿಲ್ಲ

ಬಜ್ಪೆಯಿಂದ ಹಾರುವವರು ಬಹುಪಾಲು ಯಾರು? ಅಂಗಡಿಯಲ್ಲಿ, ಹೋಟೆಲಿನಲ್ಲಿ, ಕಟ್ಟಡದ ಸೈಟಿನಲ್ಲಿ, ಆಸ್ಪತ್ರೆಯಲ್ಲಿ ದುಡಿಯುವವರು, ಅವರ ಹೆಂಡತಿ ಮಕ್ಕಳು. ಅವರು ದುಬೈಗೆ ಹೋಗುವುದು ದುಬೈಗೇ. ಅಲ್ಲಿಂದ ನ್ಯೂಯಾರ್ಕಿಗೆ ಅಲ್ಲ. ಹೊರಗಿನವರು ನಮ್ಮ ಅಮೆರಿಕದ ಪ್ರಯಾಣಿಕರನ್ನು ಕದಿಯುತ್ತಾರೆ ಎಂಬ ಭಯಕ್ಕೆ ಮಂಗಳೂರಿನ ಬಾಗಿಲು ಹಾಕುವುದು ಪಕ್ಕದ ತೋಟಕ್ಕೆ ಹಂದಿ ಬಂತೆಂದು ನಮ್ಮ ಗೇಟಿಗೆ ಬೀಗ ಹಾಕಿದ ಹಾಗೆ.

ಪಾಕಿಸ್ತಾನದ ಆಕಾಶದ ನಷ್ಟಕ್ಕೂ ಈ ದಾರಿಗೂ ಸಂಬಂಧವಿಲ್ಲ. ಮಂಗಳೂರಿನಿಂದ ಗಲ್ಫ್‌ಗೆ ದಾರಿ ಅರಬ್ಬೀ ಸಮುದ್ರದ ಮೇಲೆ. ಇಲ್ಲಿ ನಮ್ಮ ಕಂಪನಿಗೂ ಅವರ ಕಂಪನಿಗೂ ಒಂದೇ ದೂರ.

ರನ್‌ವೇ ಚಿಕ್ಕದು, ಟೇಬಲ್‌ಟಾಪ್, ವಿದೇಶಿ ವಿಮಾನ ಇಳಿಯಲು ಆಗದು ಎನ್ನುವವರೂ ಇದ್ದಾರೆ. 2010ರ ಮೇ 22ರ ದುರಂತವನ್ನು ಈ ಜಿಲ್ಲೆ ಮರೆಯುವುದಿಲ್ಲ. ದುಬೈಯಿಂದ ಊರಿಗೆ ಬರುತ್ತಿದ್ದ 158 ಮಂದಿ ಅಂದು ತೀರಿಕೊಂಡರು. ಸುರಕ್ಷತೆಯಲ್ಲಿ ಒಂದಿಂಚೂ ಸಡಿಲ ಬೇಡ. ಆದರೆ ಶಾರ್ಜಾದ ಏರ್ ಅರೇಬಿಯಾ ಹಾರಿಸುವುದು ಏರ್‌ಬಸ್ ಎ320 ವಿಮಾನ. ಇಂಡಿಗೊ ಬಜ್ಪೆಯಲ್ಲಿ ಇಳಿಸುವುದೂ ಅದೇ ಜಾತಿಯ ವಿಮಾನ. ಬಾಲದ ಮೇಲಿನ ಬಣ್ಣ ಬೇರೆ, ಅಷ್ಟೇ. ಕೋಯಿಕ್ಕೋಡ್ ಕೂಡ ಟೇಬಲ್‌ಟಾಪ್ ನಿಲ್ದಾಣವೇ, ಅಲ್ಲಿಗೆ ವಿದೇಶಿ ಕಂಪನಿಗಳು ಬರುತ್ತಿವೆ. ದೊಡ್ಡ ವಿಮಾನ ಬೇಡ, ಸಣ್ಣದು ಬರಲಿ.

ಇನ್ನೊಂದು ಮಾತು ಹೇಳಲೇಬೇಕು. ಹಿಂದೆ ಏರ್ ಇಂಡಿಯಾ ಸರ್ಕಾರದ್ದಾಗಿತ್ತು. ಅದನ್ನು ಕಾಪಾಡುವುದೆಂದರೆ ಜನರ ದುಡ್ಡು ಕಾಪಾಡುವುದು ಎಂಬ ಸಮಾಧಾನ ಇತ್ತು. 2022ರ ಜನವರಿಯಲ್ಲಿ ಅದು ಟಾಟಾ ಕೈಗೆ ಹೋಯಿತು, ಜೊತೆಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕೂಡ. ಇಂಡಿಗೊ ಮೊದಲಿಂದಲೂ ಖಾಸಗಿ. ಈಗ ಈ ಕಟ್ಟುಪಾಡು ಕಾಪಾಡುತ್ತಿರುವುದು ಖಾಸಗಿ ಕಂಪನಿಗಳ ವ್ಯಾಪಾರವನ್ನು. ಕಾಪಾಡಬಾರದು ಎಂದು ನಾವು ಹೇಳುತ್ತಿಲ್ಲ. ಕಾಪಾಡಿದ್ದಕ್ಕೆ ಪ್ರತಿಯಾಗಿ ಪ್ರಯಾಣಿಕರಿಗೆ ಏನು ಸಿಕ್ಕಿತು ಎಂದು ಕೇಳುತ್ತಿದ್ದೇವೆ.

ಇಲ್ಲಿ ಸೀಟು ಸಿಗದಿದ್ದರೆ, ಸಿಕ್ಕರೂ ದರ ಕೈಗೆಟುಕದಿದ್ದರೆ, ಜನ ಏನು ಮಾಡುತ್ತಾರೆ? ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಸುಮಾರು 350 ಕಿ.ಮೀ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ವಿಮಾನವೇ ತಪ್ಪೀತು. ಇಲ್ಲವೇ ರೈಲಿನಲ್ಲಿ ಕೋಯಿಕ್ಕೋಡಿಗೆ, ಕೊಚ್ಚಿಗೆ. ಅಪ್ಪನಿಗೆ ಹುಷಾರಿಲ್ಲ ಎಂದು ಅಲ್ಲಿಂದ ಹೊರಟವನಿಗೆ ಒಂದು ದಿನದ ಬೆಲೆ ಎಷ್ಟು ಎಂದು ಸೀಟಿನ ಲೆಕ್ಕದಲ್ಲಿ ಬರೆದಿರುವುದಿಲ್ಲ.

ನಾವು ಕೇಳುವುದು ಮೂರೇ

ಒಂದು: ಮಂಗಳೂರನ್ನು ಪಟ್ಟಿಗೆ ಸೇರಿಸಿ, ಷರತ್ತು ಹಾಕಿ ಸೇರಿಸಿ. ಮೊದಲಿಗೆ ವಾರಕ್ಕೆ ಕೆಲವೇ ಹಾರಾಟ, ಸಣ್ಣ ವಿಮಾನ ಮಾತ್ರ. ಅವರಿಗೆ ಎಷ್ಟು ಸೀಟು ಕೊಡುತ್ತೇವೋ ಅಷ್ಟೇ ಹೊಸ ಸೀಟು ಬಜ್ಪೆಯಿಂದ ಹಾರುವ ನಮ್ಮ ಕಂಪನಿಗಳಿಗೂ ಸಿಗಲಿ. ಎರಡು ವರ್ಷ ನೋಡಿ. ದರ ಇಳಿಯದಿದ್ದರೆ, ನಮ್ಮ ಕಂಪನಿಗಳಿಗೆ ಪೆಟ್ಟು ಬಿದ್ದರೆ, ವಾಪಸ್ ಪಡೆಯಿರಿ. ಕಣ್ಣೂರಿಗೂ ಇದೇ ಸೂತ್ರ ಅನ್ವಯಿಸಬಹುದು.

ಎರಡು: ಯಾವ ದೇಶಕ್ಕೆ ನಮ್ಮ ಪಾಲಿನ ಸೀಟು ಎಷ್ಟು, ಅದರಲ್ಲಿ ಯಾವ ಊರಿನಿಂದ ಎಷ್ಟು ಹಾರುತ್ತಿದೆ, ಎಷ್ಟು ಖಾಲಿ ಬಿದ್ದಿದೆ ಎಂಬುದನ್ನು ಪ್ರತಿ ಬೇಸಿಗೆ ಮತ್ತು ಚಳಿಗಾಲದ ವೇಳಾಪಟ್ಟಿಯ ಜೊತೆ ಪ್ರಕಟಿಸಿ. ಈಗ ಸಂಸದರು ಪ್ರಶ್ನೆ ಕೇಳಿದಾಗ ಬಿಡಿಬಿಡಿಯಾಗಿ ಬರುವ ಮಾಹಿತಿ ಒಂದೇ ಕಡೆ ಸಿಗಲಿ. ನಮ್ಮ ಪಾಲೇ ಖಾಲಿ ಇದ್ದರೆ, ಸೀಟು ಇಲ್ಲ ಎಂದು ಕಂಪನಿಗಳು ದರ ಏರಿಸುವುದು ಹೇಗೆ ಎಂದು ಆಗ ಕೇಳಬಹುದು.

ಮೂರು: ಮಾತುಕತೆಗೆ ಹೋಗುವ ಮೊದಲು ಪ್ರಯಾಣಿಕರ ಮಾತು ಕೇಳಿ. ಈ ಮೇಜಿನ ಸುತ್ತ ಅಧಿಕಾರಿಗಳಿರುತ್ತಾರೆ, ಅವರ ಹಿಂದೆ ವಿಮಾನ ಕಂಪನಿಗಳ ಲೆಕ್ಕ ಇರುತ್ತದೆ. ಸೀಟಿನಲ್ಲಿ ಕೂರುವವನ ಪರವಾಗಿ ಯಾರೂ ಇರುವುದಿಲ್ಲ. ಕೇರಳ 1996ರಲ್ಲೇ ಹೊರದೇಶದಲ್ಲಿರುವ ತನ್ನವರಿಗಾಗಿ ‘ನೋರ್ಕಾ’ ಎಂಬ ಇಲಾಖೆ ಮಾಡಿಕೊಂಡಿತು. ಅಲ್ಲಿನ ಸಂಸದರು ಪಕ್ಷ ಮರೆತು ಗಲ್ಫ್ ಟಿಕೆಟ್ ದರದ ಬಗ್ಗೆ ಸಂಸತ್ತಿನಲ್ಲಿ ಮತ್ತೆ ಮತ್ತೆ ಮಾತಾಡುತ್ತಾರೆ. ನಮ್ಮಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಅದು ಸನ್ಮಾನ, ಸಮಾವೇಶಗಳ ಜೊತೆಗೆ ಈ ಕಡತವನ್ನೂ ಕೈಗೆತ್ತಿಕೊಳ್ಳಲಿ.

ಮನವಿ ಯಾರಿಗೆ ಕೊಡಬೇಕು?

ಈ ವಿಷಯದಲ್ಲಿ ಮನವಿ ಕೊಡುವ ಸಂಘ ಸಂಸ್ಥೆಗಳು ಸಾಮಾನ್ಯವಾಗಿ ವಿಮಾನ ನಿಲ್ದಾಣದ ಅಧಿಕಾರಿಗಳಿಗೆ ಕೊಟ್ಟು, ಫೋಟೊ ತೆಗೆಸಿಕೊಂಡು ಬರುತ್ತವೆ. ‘ಗಲ್ಫ್‌ಗೆ ಹೆಚ್ಚು ವಿಮಾನ ಬೇಕು’ ಎಂದು ಅದರಲ್ಲಿ ಬರೆದಿರುತ್ತದೆ. ನಿಲ್ದಾಣ ನಡೆಸುವವರ ಕೈಯಲ್ಲಿ ಇದು ಇಲ್ಲ. ರನ್‌ವೇ ಅವರದ್ದು, ಪರ್ಮಿಟ್ ಅವರದ್ದಲ್ಲ. ಪರ್ಮಿಟ್ ಇರುವುದು ದೆಹಲಿಯ ನಾಗರಿಕ ವಿಮಾನಯಾನ ಸಚಿವಾಲಯದಲ್ಲಿ.

ಹಾಗಾಗಿ ಮುಂದಿನ ಸಲ ನಿಮ್ಮ ಯುವಕ ಮಂಡಲವೋ, ಮಸೀದಿ ಕಮಿಟಿಯೋ, ಚರ್ಚಿನ ಸಂಘವೋ, ಭಜನಾ ಮಂಡಳಿಯೋ ಮನವಿ ಬರೆಯುವಾಗ ವಿಳಾಸ ಬದಲಿಸಿ. ಸಂಸದರಿಗೆ ಕೊಡಿ, ಸಚಿವಾಲಯಕ್ಕೆ ಒಂದು ಪ್ರತಿ ಕಳಿಸಿ. ಅದರಲ್ಲಿ ಈ ಎರಡು ಪ್ರಶ್ನೆ ಇರಲಿ:

‘ಗಲ್ಫ್ ದೇಶಗಳ ಜೊತೆಗಿನ ವಿಮಾನ ಒಪ್ಪಂದಗಳಲ್ಲಿ ಮಂಗಳೂರನ್ನು ಪಾಯಿಂಟ್ ಆಫ್ ಕಾಲ್ ಆಗಿ ಸೇರಿಸುವ ಪ್ರಸ್ತಾವ ಸರ್ಕಾರದ ಮುಂದೆ ಇದೆಯೇ? ಇಲ್ಲದಿದ್ದರೆ ಕಾರಣವೇನು?’

ಇದನ್ನು ನಿಮ್ಮ ಸಂಸದರು ಲೋಕಸಭೆಯಲ್ಲಿ ಲಿಖಿತವಾಗಿ ಕೇಳಿದರೆ ಸಚಿವಾಲಯ ಲಿಖಿತವಾಗಿ ಉತ್ತರ ಕೊಡಬೇಕಾಗುತ್ತದೆ. ಆ ಉತ್ತರ ಬಂದ ದಿನ ಅದನ್ನು ಇಲ್ಲೇ ಹಾಕುತ್ತೇವೆ.